ದೀಪ ಮಿಣುಕುವ ಪೆಟ್ಟಿಗೆಗೊಂದು ಕನ್ನಡ ದಫ್ತರ

ರೊಳ್ಳದ ಕಡೆಯ ಉಪಾಧ್ಯಾಯರೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ತಮ್ಮ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಪ್ರಕಟಿಸಬಾರದೆಂಬುದು ಅವರ ಕೋರಿಕೆ. ಅವರ ಶಾಲೆಯಲ್ಲಿ ಗಣಕಯಂತ್ರಗಳಿಗಾಗಿಯೇ ಒಂದು ಕೊಠಡಿಯಿದೆ; ಅದರಲ್ಲಿ 16 ಯಂತ್ರಗಳಿವೆ. ಎಲ್ಲ ಯಂತ್ರಗಳ ತಂತಿಗಳೂ ಗೋಡೆಗೆ ಹೊಡೆದ ಹಲಗೆಯ ಮೇಲಿನ ಚಪ್ಪಟೆ ಪೆಟ್ಟಿಗೆಯೊಂದಕ್ಕೆ ಹೋಗಿ ಸೇರುತ್ತವೆ. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಆ ಪೆಟ್ಟಿಗೆಯ ಹಸಿರು ದೀಪಗಳೆಲ್ಲ ಒಟ್ಟಿಗೆ, ಎಡೆಬಿಡದೆ, ಹುಚ್ಚೆದ್ದಂತೆ ಮಿಣುಕತೊಡಗಿದುವು. ಯಂತ್ರಗಳೊಂದಕ್ಕೂ ಅಂತರ್ಜಾಲ ದೊರೆಯದಾಯಿತು. ಪಟ್ಟಣದಿಂದ ಮೆಕ್ಯಾನಿಕ್ ಬರಲು 11 ದಿನ ಹಿಡಿಯಿತು. ಬಂದವನು ಪೆಟ್ಟಿಗೆಯಿಂದ ಒಂದೇ ಒಂದು ಗಿಡ್ಡ ತಂತಿಯನ್ನು ಕಿತ್ತು, ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡು, ಕೂಲಿ ಪಡೆದು, ಏನೊಂದನ್ನೂ ಹೇಳದೆ ಹೊರಟುಹೋದನಂತೆ. ಬೀಗ ಬಿದ್ದಿದ್ದ ಆ 11 ದಿನಗಳಲ್ಲಿ ಇಬ್ಬರು ತಂದೆಯರು ಶಾಲೆಗೆ ಬಂದು, ಮುಂದಿನ ವರ್ಷ ಮಕ್ಕಳನ್ನು ಇಲ್ಲಿಯೇ ಬಿಡುವುದೋ ಬೇರೆಡೆಗೆ ಸೇರಿಸುವುದೋ ಎಂದು ವಿಚಾರಿಸಿ ಹೋದರು. “ಅವನು ಕಿತ್ತ ತಂತಿ ಯಾವುದು? ಅದನ್ನು ನಾವೇ ಕೀಳಬಹುದಾಗಿತ್ತೆ?” ಎಂಬುದು ಉಪಾಧ್ಯಾಯರ ಪ್ರಶ್ನೆ.

ಕೀಳಬಹುದಾಗಿತ್ತು. ಹೇಗೆಂಬುದನ್ನು ಹೇಳಬೇಕಾದರೆ ಮೊದಲು ಆ ಪೆಟ್ಟಿಗೆಯ ಪರಿಚಯವಾಗಬೇಕು.

ಅದರ ಹೆಸರು ಸ್ವಿಚ್ಚು. ಮನೆಯ ಗೋಡೆಯ ಮೇಲೆ ದೀಪ ಹೊತ್ತಿಸುವ ಗುಂಡಿಗೂ ನಾವು ಸ್ವಿಚ್ಚೆಂದೇ ಹೇಳುತ್ತೇವಾದ್ದರಿಂದ ಹೆಸರು ಕೇಳಿದವರಿಗೆ ತುಸು ಗೊಂದಲವಾಗುವುದು ಸಹಜ. ಇದರ ಹತ್ತಿರದ ನೆಂಟ ಗೋಡೆಯ ಗುಂಡಿಯಲ್ಲ, ದೂರವಾಣಿಯ ವಿನಿಮಯ ಕೇಂದ್ರ. ಅಂದರೆ ನಮ್ಮ ಹಿರಿಯರು ಎಕ್ಸ್‌ಚೇಂಜು ಎನ್ನುತ್ತಿದ್ದುದು. ಮಾತನಾಡಬೇಕಾದ ಇಬ್ಬರ ನಡುವೆ ದಾರಿಯನ್ನು ಜೋಡಿಸಿಕೊಡುವುದೇ ಎರಡರ ಕೆಲಸವೂ. ಮೊದಲು ಆ ಕೆಲಸವನ್ನು ಮನುಷ್ಯರೇ ಕೈಯಿಂದ ಮಾಡುತ್ತಿದ್ದರು. ಅದನ್ನು ಯಂತ್ರಕ್ಕೆ ವಹಿಸಿದ ಅಮೆರಿಕದ ಆಲ್ಮನ್ ಸ್ಟ್ರೌಜರನಿಗೆ 1891ರಲ್ಲಿ ಪೇಟೆಂಟು ದೊರೆಯಿತು. ಆತ ಶವಸಂಸ್ಕಾರದ ವ್ಯವಹಾರ ನಡೆಸುತ್ತಿದ್ದವನು. ತನಗೆ ಬರಬೇಕಾದ ಕರೆಗಳನ್ನು ಎಕ್ಸ್‌ಚೇಂಜಿನಲ್ಲಿದ್ದವರು ಎದುರಾಳಿಯ ಅಂಗಡಿಗೆ ತಿರುಗಿಸುತ್ತಿದ್ದಾರೆಂಬ ಸಂಶಯವೇ ಅವನನ್ನು ಈ ಶೋಧಕ್ಕೆ ಹಚ್ಚಿತೆಂಬ ಕಥೆಯಿದೆ. ಕಥೆಯ ಸತ್ಯಾಂಶವೆಷ್ಟೇ ಇರಲಿ, ದಾರಿ ಜೋಡಿಸುವವನ ಕೈಯಲ್ಲಿ ದಾರಿ ತಪ್ಪಿಸುವ ಅಧಿಕಾರವೂ ಇರುತ್ತದೆಂಬುದನ್ನು ಅದು ಸೊಗಸಾಗಿ ಹೇಳುತ್ತದೆ. ಮುಂದೆ ಪಾಸ್‌ವರ್ಡಿನ ವಿಚಾರ ಬಂದಾಗ ಓದುಗರು ಸ್ಟ್ರೌಜರನನ್ನು ನೆನೆಯಬಹುದು.

ಹಳ್ಳಿಯ ಎಕ್ಸ್‌ಚೇಂಜಿನ ವಿಷಯದಲ್ಲಿ ಕನ್ನಡನಾಡಿಗೆ ಒಂದು ವಿಶೇಷ ಸ್ಥಾನವಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಗ್ರಾಮಗಳಿಗೆಂದೇ ರೂಪಿಸಿದ 128 ಮಾರ್ಗಗಳ ಸ್ವಯಂಚಾಲಿತ ಎಕ್ಸ್‌ಚೇಂಜು 1986ರಲ್ಲಿ ಮೊದಲು ನೆಲೆಗೊಂಡದ್ದು ನಮ್ಮ ಕಿತ್ತೂರಿನಲ್ಲಿ. ವಿದೇಶೀ ಯಂತ್ರಗಳು ಹವಾನಿಯಂತ್ರಿತ ಕೊಠಡಿಯಿಲ್ಲದೆ ಬದುಕದಿದ್ದ ಆ ಕಾಲದಲ್ಲಿ ಇದು ನಮ್ಮ ಬಿಸಿಲನ್ನೂ ಧೂಳನ್ನೂ ತಾಳಿಕೊಂಡು ನಡೆಯಿತು. ಹಳ್ಳಿಯ ಯಂತ್ರ ಹಳ್ಳಿಯ ಸ್ಥಿತಿಗೆ ತಕ್ಕಂತಿರಬೇಕು, ಹಳ್ಳಿಯವರ ಕೈಗೆ ನಿಲುಕಬೇಕು ಎಂಬುದು ಅದನ್ನು ರಚಿಸಿದವರ ಮನಸ್ಸಿನಲ್ಲಿತ್ತು. ಈಗ ಶಾಲೆ, ಅಂಚೆಕಚೇರಿ, ಬ್ಯಾಂಕು, 2019ರ ಅಕ್ಟೋಬರ್ 2ರಂದು ಆಂಧ್ರಪ್ರದೇಶದಲ್ಲಿ ಆರಂಭವಾದ ಗ್ರಾಮ ಸಚಿವಾಲಯ, ಎಲ್ಲೆಡೆಯೂ ಹಲಗೆಯ ಮೇಲೋ ಬೀರುವಿನ ನೆತ್ತಿಯ ಮೇಲೋ ಕುಳಿತಿರುವ ಸ್ವಿಚ್ಚುಗಳ ಬಗ್ಗೆ ಇದೇ ಮಾತನ್ನು ಹೇಳಲಾಗದು. ಅವು ನಮ್ಮ ನಡುವೆ ಇವೆ. ಆದರೆ ಅವುಗಳ ಮರ್ಮ ಅರಿತವನು ಮಾತ್ರ ಸದಾ ಇನ್ನೊಂದೂರಿನಲ್ಲಿರುತ್ತಾನೆ.

ಈ ಜಾಲಪದ್ಧತಿಗೆ ಈಥರ್ನೆಟ್ ಎಂದು ಹೆಸರು. 1973ರ ಮೇ ತಿಂಗಳಲ್ಲಿ ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್ಕಾಫ್ ಎಂಬುವರು ಬರೆದ ಟಿಪ್ಪಣಿಯೊಂದರಲ್ಲಿ ಈ ಹೆಸರು ಮೊದಲು ಕಾಣಿಸಿತು. ಅವರೂ ಡೇವಿಡ್ ಬಾಗ್ಸರೂ ಸೇರಿ ಅದನ್ನು ಕಾರ್ಯರೂಪಕ್ಕೆ ತಂದರು. ಬೆಳಕು ಸಂಚರಿಸಲು ವಿಶ್ವವನ್ನೆಲ್ಲ ತುಂಬಿಕೊಂಡಿರುವ ಈಥರ್ ಎಂಬ ಸೂಕ್ಷ್ಮ ದ್ರವ್ಯವೊಂದು ಬೇಕೆಂದು ಹಿಂದಿನ ವಿಜ್ಞಾನಿಗಳು ನಂಬಿದ್ದರು. ನಮ್ಮವರು ಶಬ್ದಕ್ಕೆ ಆಕಾಶವೇ ಆಶ್ರಯವೆಂದಂತೆ. ಆ ನಂಬಿಕೆ ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು. ಮೊದಲಿನ ಈಥರ್ನೆಟ್ಟಿನಲ್ಲಿ ಎಲ್ಲ ಯಂತ್ರಗಳಿಗೂ ಒಂದೇ ದಪ್ಪ ತಂತಿ. ಊರಿಗೆಲ್ಲ ಒಂದೇ ಬಾವಿಯಿದ್ದಂತೆ. ಇಬ್ಬರು ಏಕಕಾಲಕ್ಕೆ ಕೊಡ ಇಳಿಬಿಟ್ಟರೆ ತಾಕಲಾಟ, ಇಬ್ಬರೂ ಹಿಂದೆ ಸರಿದು ಸ್ವಲ್ಪ ಕಾದು ಮತ್ತೆ ಪ್ರಯತ್ನಿಸಬೇಕು. ಆಮೇಲೆ ಬಂದದ್ದು ಹಬ್ ಎಂಬ ಪೆಟ್ಟಿಗೆ. ಅದು ಡಂಗುರ ಸಾರುವವನ ಹಾಗೆ: ಒಬ್ಬನಿಗೆ ತಲುಪಬೇಕಾದ ಮಾತನ್ನು ಊರಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ಡಂಗುರದವನ ಬದಲು ಅಂಚೆಯವನನ್ನು ಕೂರಿಸಿದರೆ ಹೇಗೆ ಎಂಬ ಯೋಚನೆಯ ಫಲವೇ ಸ್ವಿಚ್ಚು. 1990ರ ಸುಮಾರಿಗೆ 7 ಪೋರ್ಟುಗಳ ಮೊತ್ತಮೊದಲ ಈಥರ್ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದ ಅಮೆರಿಕದ ಕಂಪನಿಯ ಹೆಸರು ಕೇಳಿದರೆ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಸಂತೋಷವಾದೀತು: ‘ಕಲ್ಪನಾ’. ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಅದರ ಸಂಸ್ಥಾಪಕರಲ್ಲೊಬ್ಬರು. ಹೆಸರು ಅವರ ಪತ್ನಿಯದು. 1994ರಲ್ಲಿ ಸಿಸ್ಕೊ ಕಂಪನಿ ಅದನ್ನು ಕೊಂಡುಕೊಂಡಿತು.

ಅಂಚೆಯವನ ಹೋಲಿಕೆಯನ್ನೇ ಮುಂದುವರಿಸೋಣ. ಜಾಲಕ್ಕೆ ಸೇರುವ ಪ್ರತಿಯೊಂದು ಯಂತ್ರಕ್ಕೂ ಕಾರ್ಖಾನೆಯಲ್ಲೇ ಒಂದು ವಿಳಾಸವನ್ನು ಕೊಟ್ಟಿರುತ್ತಾರೆ. ಅದಕ್ಕೆ ಮ್ಯಾಕ್ ವಿಳಾಸವೆನ್ನುತ್ತಾರೆ. 48 ಬಿಟ್ಟುಗಳ ಈ ವಿಳಾಸವನ್ನು 12 ಅಂಕಾಕ್ಷರಗಳಲ್ಲಿ ಬರೆಯುವುದು ವಾಡಿಕೆ. ಮೊದಲಿನ ಆರು ತಯಾರಕನ ಗುರುತು, ಉಳಿದ ಆರು ಆ ಯಂತ್ರದ್ದೇ ಗುರುತು. ಹೀಗೆ ಸುಮಾರು 281 ಲಕ್ಷ ಕೋಟಿ ವಿಳಾಸಗಳು ಸಾಧ್ಯ. ಸಂದೇಶವು ಫ್ರೇಮ್ ಎಂಬ ಲಕೋಟೆಗಳಲ್ಲಿ ಸಾಗುತ್ತದೆ. ಪ್ರತಿ ಲಕೋಟೆಯ ಮೇಲೂ ಕಳಿಸಿದವನ ಮತ್ತು ತಲುಪಬೇಕಾದವನ ವಿಳಾಸಗಳೆರಡೂ ಇರುತ್ತವೆ. ಊರಿಗೆ ಹೊಸದಾಗಿ ಬಂದ ಅಂಚೆಯವನೊಬ್ಬ ಯಾರನ್ನೂ ಏನನ್ನೂ ಕೇಳದ ಸಂಕೋಚದವನೆಂದು ಭಾವಿಸಿ. ಅವನು ಯಾವ ಮನೆಯವರು ಕಾಗದ ಕೊಟ್ಟರೋ ಆ ಕಾಗದದ ಮೇಲಿನ ‘ಇಂದ’ ವಿಳಾಸವನ್ನು ನೋಡಿ, ಇಂಥವರು ಇಂಥ ಬಾಗಿಲಿನಲ್ಲಿದ್ದಾರೆಂದು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ‘ಗೆ’ ವಿಳಾಸದವರು ಎಲ್ಲಿದ್ದಾರೆಂದು ಗೊತ್ತಿಲ್ಲದಿದ್ದರೆ ಅದೊಂದು ಸಲ ಎಲ್ಲ ಬಾಗಿಲುಗಳಿಗೂ ಪ್ರತಿಗಳನ್ನು ಹಂಚುತ್ತಾನೆ. ಉತ್ತರ ಬಂದ ಕೂಡಲೇ ಅವರ ಬಾಗಿಲೂ ತಿಳಿಯಿತು. ಸ್ವಿಚ್ಚು ಕಲಿಯುವುದು ಹೀಗೆ. ಯಾರೂ ಏನನ್ನೂ ಹೇಳಿಕೊಡಬೇಕಾಗಿಲ್ಲ. 300 ಸೆಕೆಂಡುಗಳ ಕಾಲ ಸದ್ದಿಲ್ಲದ ಯಂತ್ರದ ಹೆಸರನ್ನು ಅದು ಸಾಮಾನ್ಯವಾಗಿ ಪುಸ್ತಕದಿಂದ ಹೊಡೆದುಹಾಕುತ್ತದೆ.

ಸ್ವಿಚ್ಚು ತಾನಾಗಿಯೇ ಕಲಿಯುತ್ತದೆಂಬ ಈ ಗುಣವೇ ಅದನ್ನು ಎಲ್ಲರೂ ಮರೆತುಬಿಡಲು ಕಾರಣ. ತಂತಿ ಚುಚ್ಚಿದರೆ ಸಾಕು, ನಡೆಯುತ್ತದೆ. ನಡೆಯುವವರೆಗೆ ಯಾರಿಗೂ ಅದರ ಗೊಡವೆಯಿಲ್ಲ.

ಈಗ ಆ ಗಿಡ್ಡ ತಂತಿಯ ವಿಚಾರ. ಪತ್ರದ ವಿವರಣೆಯಿಂದ ನೋಡಿದರೆ, ಕೊಠಡಿ ಗುಡಿಸುವಾಗಲೋ ಯಂತ್ರವೊಂದನ್ನು ಸರಿಸುವಾಗಲೋ ಸಡಿಲವಾಗಿ ಬಿದ್ದಿದ್ದ ತಂತಿಯ ತುದಿಯನ್ನು ಯಾರೋ ಒಳ್ಳೆಯ ಮನಸ್ಸಿನಿಂದಲೇ ಖಾಲಿ ಪೋರ್ಟಿಗೆ ಚುಚ್ಚಿದ್ದಾರೆ. ಆ ತಂತಿಯ ಇನ್ನೊಂದು ತುದಿ ಅದೇ ಪೆಟ್ಟಿಗೆಯ ಬೇರೊಂದು ಪೋರ್ಟಿನಲ್ಲೇ ಇತ್ತು. ಆಗ ದಾರಿ ಬಳೆಯಂತೆ ದುಂಡಗಾಯಿತು. ಎಲ್ಲರಿಗೂ ಹಂಚಬೇಕಾದ ಲಕೋಟೆಯೊಂದು ಆ ತಂತಿಯಲ್ಲಿ ಹೊರಟು ಅದೇ ಪೆಟ್ಟಿಗೆಗೆ ಮರಳಿ ಬಂತು. ಪೆಟ್ಟಿಗೆ ಅದನ್ನು ಹೊಸ ಲಕೋಟೆಯೆಂದೇ ಬಗೆದು ಪುನಃ ಎಲ್ಲರಿಗೂ ಹಂಚಿತು. ಈಥರ್ನೆಟ್ಟಿನ ಲಕೋಟೆಗೆ ಆಯುಷ್ಯದ ಮಿತಿಯೆಂಬುದಿಲ್ಲ. ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ. ಎತ್ತಿಗಾದರೂ ದಣಿವುಂಟು, ಇದಕ್ಕಿಲ್ಲ. ಸೆಕೆಂಡಿಗೆ 100 ಮೆಗಾಬಿಟ್ ವೇಗದ ದಾರಿಯಲ್ಲಿ 1 ಲಕ್ಷ 48 ಸಾವಿರಕ್ಕೂ ಹೆಚ್ಚು ಪುಟ್ಟ ಲಕೋಟೆಗಳು ಒಂದು ಸೆಕೆಂಡಿನಲ್ಲಿ ಹಾಯಬಲ್ಲವು. ಕ್ಷಣಾರ್ಧದಲ್ಲಿ ದಾರಿಯೆಲ್ಲ ಸತ್ತ ಲಕೋಟೆಗಳಿಂದಲೇ ತುಂಬಿ, ಮಕ್ಕಳ ಪಾಠದ ಲಕೋಟೆಗೆ ಕಾಲಿಡಲು ಸ್ಥಳವಿಲ್ಲದಂತಾಗುತ್ತದೆ. ದೀಪಗಳು ಒಟ್ಟಿಗೆ ಹುಚ್ಚೆದ್ದು ಮಿಣುಕಿದ್ದು ಈ ಕಾರಣಕ್ಕೆ. ಎಲ್ಲ ದೀಪಗಳೂ ಆರಿದ್ದರೆ ದೋಷ ವಿದ್ಯುತ್ತಿನದು. ಒಂದು ದೀಪ ಮಾತ್ರ ಆರಿದ್ದರೆ ಆ ತಂತಿಯದೋ ಆ ಯಂತ್ರದ್ದೋ. ಎಲ್ಲವೂ ಏಕಕಾಲಕ್ಕೆ ಬಿಡುವಿಲ್ಲದೆ ಮಿಣುಕುತ್ತಿದ್ದು ಯಾವ ಯಂತ್ರಕ್ಕೂ ದಾರಿ ಇಲ್ಲವೆಂದಾದರೆ ಬಳೆಯನ್ನು ಹುಡುಕಬೇಕು. ಎಲ್ಲ ತಂತಿಗಳನ್ನೂ ಕಳಚಿ, ಒಂದೊಂದಾಗಿ ಮರಳಿ ಚುಚ್ಚುತ್ತ ಬಂದರೆ ಯಾವ ತಂತಿಯನ್ನು ಚುಚ್ಚಿದಾಗ ಹುಚ್ಚು ಕೆರಳುತ್ತದೆಂದು ಏಳನೆಯ ತರಗತಿಯ ಹುಡುಗಿಯೂ ಕಂಡುಹಿಡಿದಾಳು. 11 ದಿನ ಬೇಕಾಗಿರಲಿಲ್ಲ. ಅರ್ಧ ಗಂಟೆ ಸಾಕಾಗಿತ್ತು.

ಬಳೆಯ ಈ ಪೀಡೆಗೆ ಪರಿಹಾರ ಕಂಡುಹಿಡಿದವರೂ ಒಬ್ಬ ಮಹಿಳೆಯೇ. ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯಲ್ಲಿದ್ದ ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ ‘ಸ್ಪ್ಯಾನಿಂಗ್ ಟ್ರೀ’ ಎಂಬ ನಿಯಮಾವಳಿಯನ್ನು ಪಾಲಿಸುವ ಸ್ವಿಚ್ಚುಗಳು ತಮ್ಮತಮ್ಮಲ್ಲೇ ಮಾತನಾಡಿಕೊಂಡು ಒಬ್ಬ ಯಜಮಾನನನ್ನು ಆರಿಸಿಕೊಳ್ಳುತ್ತವೆ. ಅವನಿಂದ ಹೊರಟ ಕೊಂಬೆಗಳಲ್ಲಿ ಎಲ್ಲಿ ಬಳೆಯಾಗುತ್ತದೋ ಅಲ್ಲಿ ಒಂದು ಪೋರ್ಟನ್ನು ತಾವೇ ಮುಚ್ಚುತ್ತವೆ. ನಡೆಯುತ್ತಿದ್ದ ದಾರಿ ಮುರಿದರೆ ಮುಚ್ಚಿದ್ದನ್ನು ತೆರೆಯುತ್ತವೆ. ಯಜಮಾನನ ಆಯ್ಕೆಯೊಂದು ತಮಾಷೆ. ಪ್ರತಿ ಸ್ವಿಚ್ಚಿಗೂ ಒಂದು ಆದ್ಯತೆಯ ಸಂಖ್ಯೆಯುಂಟು. ಕಾರ್ಖಾನೆಯಿಂದ ಬರುವಾಗ ಎಲ್ಲಕ್ಕೂ ಅದು 32768. ಯಾರೂ ಬದಲಿಸದಿದ್ದರೆ ಎಲ್ಲರದೂ ಸಮ. ಆಗ ಮ್ಯಾಕ್ ವಿಳಾಸ ಯಾರದು ಚಿಕ್ಕದೋ ಅವನೇ ಯಜಮಾನ. ಹಳೆಯ ಪೆಟ್ಟಿಗೆಗಳ ವಿಳಾಸ ಅನೇಕವೇಳೆ ಚಿಕ್ಕದಾಗಿರುವುದರಿಂದ, ಮೂಲೆಯಲ್ಲಿ ಕುಳಿತು ಏದುಸಿರು ಬಿಡುತ್ತಿರುವ ಮುದುಕ ಸ್ವಿಚ್ಚೇ ಇಡೀ ಜಾಲಕ್ಕೆ ಯಜಮಾನನಾಗಿ ಬಿಡುವುದುಂಟು. ಅವಿಭಕ್ತ ಕುಟುಂಬಗಳನ್ನು ಕಂಡ ನಮಗೆ ಇದು ಅಪರಿಚಿತವೇನಲ್ಲ. ಗಟ್ಟಿಮುಟ್ಟಾದ ಸ್ವಿಚ್ಚಿನ ಆದ್ಯತೆಯ ಸಂಖ್ಯೆಯನ್ನು 4096ಕ್ಕೆ ಇಳಿಸಿದರೆ ಯಜಮಾನಿಕೆ ಅದಕ್ಕೆ ಹೋಗುತ್ತದೆ.

ಆದರೆ ಈ ಜಾಣತನ ಎಲ್ಲ ಸ್ವಿಚ್ಚುಗಳಿಗೂ ಇಲ್ಲ. ಅಂಗಡಿಯಲ್ಲಿ ಅಗ್ಗವಾಗಿ ಸಿಗುವುದು ಮೂಕ ಸ್ವಿಚ್ಚು. ಅದಕ್ಕೆ ನಾವೇನೂ ಹೇಳಲಾಗದು, ಅದೂ ನಮಗೇನೂ ಹೇಳದು. ಬೆಲೆ ಹೆಚ್ಚಿನದು ‘ಮ್ಯಾನೇಜ್ಡ್’ ಸ್ವಿಚ್ಚು, ಅಂದರೆ ಆಜ್ಞೆ ಕೇಳುವಂಥದು. ಎರಡರ ನಡುವೆ ‘ಸ್ಮಾರ್ಟ್’ ಎಂಬ ಮಧ್ಯಮ ವರ್ಗದ್ದೂ ಇದೆ. ನಮ್ಮ ಶಾಲೆಗಳಿಗೆ ಬಹುಮಟ್ಟಿಗೆ ಅದೇ ಸಾಕು. ಪತ್ರ ಬರೆದ ಉಪಾಧ್ಯಾಯರು ಪೆಟ್ಟಿಗೆಯ ತಳದ ಚೀಟಿಯನ್ನು ನೋಡಲಿ. ಅಲ್ಲಿ 192.168 ಎಂದು ಆರಂಭವಾಗುವ ಸಂಖ್ಯೆಯೊಂದೂ ಬಳಕೆದಾರನ ಹೆಸರೂ ಅಚ್ಚಾಗಿದ್ದರೆ ಅದು ಆಜ್ಞೆ ಕೇಳುವ ಜಾತಿಯದು. ಒಂದು ಗಣಕವನ್ನು ಅದಕ್ಕೆ ಜೋಡಿಸಿ, ಗಣಕಕ್ಕೂ ಅದೇ ಸರಣಿಯ ಬೇರೊಂದು ಸಂಖ್ಯೆ ಕೊಟ್ಟು, ಅಂತರ್ಜಾಲ ನೋಡುವ ಕಿಟಕಿಯಲ್ಲಿ ಆ ಅಚ್ಚಾದ ಸಂಖ್ಯೆಯನ್ನು ಟೈಪು ಮಾಡಿದರೆ ಪೆಟ್ಟಿಗೆಯ ಬಾಗಿಲು ತೆರೆಯುತ್ತದೆ. ದೊಡ್ಡ ಸ್ವಿಚ್ಚುಗಳಿಗೆ ‘ಕನ್ಸೋಲ್’ ಎಂಬ ಪ್ರತ್ಯೇಕ ಕಿಂಡಿಯೂ ಇರುತ್ತದೆ. ಬೇರೆಲ್ಲ ದಾರಿ ಮುಚ್ಚಿದಾಗ ಅದೊಂದೇ ಗತಿ.

ಒಳಹೊಕ್ಕ ಕೂಡಲೇ ಮಾಡಬೇಕಾದ ಮೊದಲ ಕೆಲಸ ಪಾಸ್‌ವರ್ಡನ್ನು ಬದಲಿಸುವುದು. ಎಷ್ಟೋ ತಯಾರಕರು ತಮ್ಮ ಎಲ್ಲ ಪೆಟ್ಟಿಗೆಗಳಿಗೂ ‘ಅಡ್ಮಿನ್’ ಎಂಬಂಥ ಒಂದೇ ಕೀಲಿಯನ್ನು ಕೊಟ್ಟು ಕಳಿಸಿದ್ದಾರೆ. ಅದು ಲೋಕಕ್ಕೆಲ್ಲ ಗೊತ್ತು. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಇಂಥ ಸುಮಾರು 60 ಸಿದ್ಧ ಕೀಲಿಗಳ ಪಟ್ಟಿಯನ್ನಷ್ಟೇ ಹಿಡಿದು ಹೊರಟು, ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ ರೂಟರುಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರಿನಲ್ಲಿ ಅವುಗಳನ್ನೆಲ್ಲ ಒಂದೇ ಕಡೆಗೆ ನುಗ್ಗಿಸಿ, ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳೇ ಕೆಲವು ತಾಸು ಸಿಗದಂತೆ ಮಾಡಲಾಯಿತು. ಕೀಲಿ ಬದಲಿಸದ ಮನೆಯವರಿಗೆ ಅದರ ಸುಳಿವೂ ಇರಲಿಲ್ಲ.

ಬದಲಿಸಿದ ಪಾಸ್‌ವರ್ಡು ಯಾರ ಬಳಿ ಇರಬೇಕು? ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಮುಖ್ಯವಾದ ಪ್ರಶ್ನೆ ಇದು. ಪೆಟ್ಟಿಗೆ ಜೋಡಿಸಲು ಬಂದ ಮೆಕ್ಯಾನಿಕ್ ತಾನೇ ಒಂದು ಪಾಸ್‌ವರ್ಡಿಟ್ಟು, ಅದನ್ನು ತನ್ನ ನೆನಪಿನಲ್ಲಿಟ್ಟುಕೊಂಡು ಹೋಗುವುದು ಎಲ್ಲೆಡೆ ಕಾಣುವ ರೂಢಿ. ಆಮೇಲೆ ಅವನು ಕೆಲಸ ಬಿಡುತ್ತಾನೆ, ದೂರವಾಣಿಯ ಸಂಖ್ಯೆ ಬದಲಿಸುತ್ತಾನೆ, ಇಲ್ಲವೇ ಕೂಲಿ ಹೆಚ್ಚಿಸುತ್ತಾನೆ. ಉಳಿಯುವ ದಾರಿ ಪೆಟ್ಟಿಗೆಯನ್ನು ಕಾರ್ಖಾನೆಯ ಮೊದಲ ಸ್ಥಿತಿಗೆ ತಂದು, ಎಲ್ಲವನ್ನೂ ಹೊಸದಾಗಿ ಹೊಂದಿಸುವುದೊಂದೇ. ಸ್ವಂತ ಮನೆಯ ಬೀಗದ ಕೈಯನ್ನು ಬಡಗಿಯೇ ಒಯ್ದಂತೆ ಇದು. ಶಾಲೆಯ ಪೆಟ್ಟಿಗೆಯ ಪಾಸ್‌ವರ್ಡು ಮುಖ್ಯೋಪಾಧ್ಯಾಯರ ಬೀರುವಿನಲ್ಲಿ, ಮುಚ್ಚಿದ ಲಕೋಟೆಯಲ್ಲಿ, ಸ್ಟಾಕು ರಿಜಿಸ್ಟರಿನ ಜೊತೆಗೆ ಇರಬೇಕು. ವರ್ಗವಾಗಿ ಹೋಗುವವರು ಬರುವವರಿಗೆ ಅದನ್ನು ಸಹಿ ಪಡೆದು ಒಪ್ಪಿಸಬೇಕು.

ಎರಡನೆಯ ಎಚ್ಚರಿಕೆ ನಮ್ಮ ಸೀಮೆಯ ಕರೆಂಟಿಗೆ ಸಂಬಂಧಿಸಿದ್ದು. ದೊಡ್ಡ ಸ್ವಿಚ್ಚುಗಳಲ್ಲಿ ಎರಡು ನೆನಪುಗಳಿವೆ: ಈಗ ನಡೆಯುತ್ತಿರುವುದು ಒಂದು, ಪುನಃ ಎದ್ದಾಗ ಓದಿಕೊಳ್ಳುವುದು ಇನ್ನೊಂದು. ನಾವು ಮಾಡಿದ ಬದಲಾವಣೆಯೆಲ್ಲ ಮೊದಲನೆಯದರಲ್ಲಿ ಮಾತ್ರ ನಿಲ್ಲುತ್ತದೆ. ಸಿಸ್ಕೊ ಪೆಟ್ಟಿಗೆಯಾದರೆ ‘ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್’ ಎಂಬ ಆಜ್ಞೆ ಕೊಟ್ಟು, ಬೇರೆಯವಾದರೆ ‘ಸೇವ್’ ಒತ್ತಿ, ಅದನ್ನು ಎರಡನೆಯದಕ್ಕೆ ಇಳಿಸಬೇಕು. ಇದನ್ನು ಮರೆತರೆ ದಿನವಿಡೀ ಕುಳಿತು ಹೊಂದಿಸಿದ್ದೆಲ್ಲ ರಾತ್ರಿ ಕರೆಂಟು ಹೋದೊಡನೆ ಅಳಿಸಿಹೋಗುತ್ತದೆ. ಬೆಳಗ್ಗೆ ನೋಡಿದವರಿಗೆ ಯಾರೋ ಕೈಯಾಡಿಸಿದ್ದಾರೆಂಬ ಸಂಶಯ ಬರುತ್ತದೆ. ಬೆಂಗಳೂರಿನ ಕಚೇರಿಗಳಲ್ಲಿ ವರ್ಷಗಟ್ಟಲೆ ಬಯಲಾಗದೆ ಉಳಿಯಬಹುದಾದ ಈ ಮರೆವು ಮಡಕಶಿರಾ ಸೀಮೆಯಲ್ಲಿ ಒಂದೇ ದಿನಕ್ಕೆ ಬಯಲಾಗುತ್ತದೆ. ಹೊಂದಿಸಿದ ಸೆಟ್ಟಿಂಗಿನ ನಕಲೊಂದನ್ನು ಬೇರೆ ಗಣಕದಲ್ಲೂ ಇಟ್ಟುಕೊಂಡಿದ್ದರೆ ಪೆಟ್ಟಿಗೆಯೇ ಸುಟ್ಟುಹೋದರೂ ಅದೇ ಮಾದರಿಯ ಹೊಸದಕ್ಕೆ ಅದನ್ನು ತುಂಬಬಹುದು.

ಆಜ್ಞೆ ಕೇಳುವ ಸ್ವಿಚ್ಚಿನ ದೊಡ್ಡ ಉಪಕಾರ ವಿ-ಲ್ಯಾನ್ ಎಂಬ ಪಾಲುಪಟ್ಟಿ. ಗಡಿಯಲ್ಲಿ ಬದುಕುವ ನಮಗೆ ಇದನ್ನು ವಿವರಿಸುವುದು ಬಹಳ ಸುಲಭ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಅದುವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲ್ಲೂಕು ಅನಂತಪುರಕ್ಕೆ ಸೇರಿತು. ಅಂದು ಬೆಳಗ್ಗೆ ಯಾವ ಹೊಲವೂ ಕದಲಲಿಲ್ಲ, ಯಾವ ಬದುವೂ ಸರಿಯಲಿಲ್ಲ; ಕಾಗದಗಳು ಹೋಗುವ ಕಚೇರಿ ಮಾತ್ರ ಬದಲಾಯಿತು. ಇಂದಿಗೂ ರೊಳ್ಳದ ಕಡೆಯ ಹೊಲಕ್ಕೆ ಅಡಂಗಲ್, ಅದಕ್ಕೆ ತಾಗಿದ ಶಿರಾ ತಾಲ್ಲೂಕಿನ ಹೊಲಕ್ಕೆ ಪಹಣಿ. ಮಣ್ಣು ಒಂದೇ, ಮಳೆ ಒಂದೇ, ದಫ್ತರ ಎರಡು. 2022ರ ಏಪ್ರಿಲ್‌ನಲ್ಲಿ ರೊಳ್ಳ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ರಾಯದುರ್ಗ ಅನಂತಪುರದಲ್ಲೇ ಉಳಿದಾಗಲೂ ಹೀಗೆಯೇ ಆಯಿತು. ವಿ-ಲ್ಯಾನ್ ಎಂದರೆ ಒಂದೇ ಪೆಟ್ಟಿಗೆಯೊಳಗೆ ಎಳೆದ ಇಂಥ ಗೆರೆ. ಮೊದಲ 16 ಪೋರ್ಟುಗಳು ಮಕ್ಕಳವು, ಅವಕ್ಕೆ 10 ಎಂಬ ಸಂಖ್ಯೆ, ಮುಂದಿನ 4 ಶಾಲೆಯ ಕಚೇರಿಯವು, ಅವಕ್ಕೆ 20, ಕ್ಯಾಮೆರಾಗಳಿಗೆ 30. ಮಕ್ಕಳು ಆಟವಾಡುತ್ತ ಏನನ್ನೇ ಒತ್ತಿದರೂ ಅವರ ಲಕೋಟೆ ಕಚೇರಿಯ ಅಂಕಪಟ್ಟಿಯ ಯಂತ್ರದ ಬಾಗಿಲಿಗೆ ನೇರವಾಗಿ ಹೋಗದು. ಒಂದು ಪಾಲಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ರೂಟರ್ ಎಂಬ ಚೆಕ್‌ಪೋಸ್ಟನ್ನು ದಾಟಬೇಕು. ಯಾರನ್ನು ಬಿಡಬೇಕು ಯಾರನ್ನು ತಡೆಯಬೇಕೆಂಬ ಪಟ್ಟಿಯನ್ನು ಅಲ್ಲಿ ಬರೆದಿಡಬಹುದು. ಎರಡು ಸ್ವಿಚ್ಚುಗಳನ್ನು ಸೇರಿಸುವ ತಂತಿಯಲ್ಲಿ ಎಲ್ಲ ಪಾಲುಗಳ ಲಕೋಟೆಗಳೂ ಹೋಗುವುದರಿಂದ ಪ್ರತಿಯೊಂದಕ್ಕೂ 4 ಬೈಟಿನ ಮುದ್ರೆಯೊಂದನ್ನು ಒತ್ತುತ್ತಾರೆ. 1998ರಲ್ಲಿ ನಿಷ್ಕರ್ಷೆಯಾದ ಕ್ರಮ ಇದು. 1ರಿಂದ 4094ರವರೆಗೆ ಯಾವ ಸಂಖ್ಯೆಯನ್ನಾದರೂ ಬಳಸಬಹುದು. ಹೊಸ ಪೆಟ್ಟಿಗೆಯಲ್ಲಿ ಎಲ್ಲರೂ 1ರಲ್ಲೇ ಇರುತ್ತಾರೆ. ಅಲ್ಲಿಂದ ಹೊರತಂದು ಕೂರಿಸುವುದು ನಮ್ಮ ಕೆಲಸ.

ಇನ್ನು ಭಾಷೆಯ ವಿಚಾರ. ಲಕೋಟೆಯೊಳಗೆ ಯಾವ ಭಾಷೆಯಿದೆ ಎಂಬುದನ್ನು ಸ್ವಿಚ್ಚು ನೋಡುವುದೇ ಇಲ್ಲ. ಗಣಕಗಳು ಅಕ್ಷರಗಳಿಗೆ ಸಂಖ್ಯೆ ಹಚ್ಚುವ ಯೂನಿಕೋಡ್ ಪಟ್ಟಿಯಲ್ಲಿ ತೆಲುಗಿನ 128 ಮನೆಗಳು ಮುಗಿದ ಮರುಮನೆಯಿಂದಲೇ ಕನ್ನಡದ 128 ಮನೆಗಳು ತೊಡಗುತ್ತವೆ. ಲಿಪಿಗಳ ನಂಟಸ್ತಿಕೆಯನ್ನು ಬಲ್ಲವರಿಗೆ ಈ ನೆರೆಹೊರೆ ಸಂತೋಷ ಕೊಡುತ್ತದೆ. ಎರಡೂ ಭಾಷೆಗಳ ಅಕ್ಷರಗಳು ಒಂದೇ ತಂತಿಯಲ್ಲಿ ಒಂದೇ ವೇಗದಲ್ಲಿ ಹಾಯುತ್ತವೆ. ಆದರೆ ಪೆಟ್ಟಿಗೆಗೆ ಆಜ್ಞೆ ಕೊಡುವ ಮಾತು ಇಂಗ್ಲಿಷು; ಪೋರ್ಟಿಗೆ, ಪಾಲಿಗೆ ಹೆಸರಿಡಲೂ ಬಹುತೇಕ ಪೆಟ್ಟಿಗೆಗಳು ರೋಮನ್ ಅಕ್ಷರಗಳನ್ನಷ್ಟೇ ಒಪ್ಪುತ್ತವೆ. ಇದರಿಂದ ನಮ್ಮ ಉಪಾಧ್ಯಾಯರಲ್ಲಿ ಅನೇಕರು ಇದು ತಮ್ಮದಲ್ಲದ ವಿದ್ಯೆಯೆಂದು ದೂರ ನಿಲ್ಲುತ್ತಾರೆ. ನನಗೆ ಇದು ಒಪ್ಪಿಗೆಯಾಗದು. ದಿನವೂ ಬೇಕಾಗುವ ಆಜ್ಞೆಗಳು ಹತ್ತು ಹನ್ನೆರಡನ್ನು ಮೀರವು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಅರ್ಜಿಯಲ್ಲಿ ಇಂಗ್ಲಿಷು ಎಂದು ಮೂರನ್ನೂ ನಿಭಾಯಿಸಿಕೊಂಡು ಬಂದ ಗಡಿಯ ಮಕ್ಕಳಿಗೆ ಹನ್ನೆರಡು ಆಜ್ಞೆಗಳು ಭಾರವೇ?

ಆಜ್ಞೆ ಇಂಗ್ಲಿಷಿನಲ್ಲಿರಲಿ, ಆದರೆ ಪೆಟ್ಟಿಗೆಯ ದಫ್ತರ ಕನ್ನಡದಲ್ಲಿರಬೇಕು. ಇನ್ನೂರು ಪುಟದ ಒಂದು ನೋಟುಪುಸ್ತಕ ಸಾಕು. ಅದರ ಮೊದಲ ಪುಟದಲ್ಲಿ ಪೋರ್ಟುಗಳ ಸಾಲು: ಒಂದನೆಯದು ಕಿಟಕಿಯ ಪಕ್ಕದ ಯಂತ್ರಕ್ಕೆ, ಎರಡನೆಯದು ಅದರ ಮಗ್ಗುಲಿನದಕ್ಕೆ, ಹದಿನೇಳನೆಯದು ಮುಖ್ಯೋಪಾಧ್ಯಾಯರ ಕೋಣೆಗೆ, ಇಪ್ಪತ್ತನಾಲ್ಕನೆಯದು ಹೊರಗಿನಿಂದ ಅಂತರ್ಜಾಲ ಬರುವ ದಾರಿ. ಪ್ರತಿ ತಂತಿಯ ಎರಡೂ ತುದಿಗಳಿಗೆ ಅದೇ ಸಂಖ್ಯೆಯ ಚೀಟಿ ಅಂಟಿರಬೇಕು. ಒಂದೇ ತುದಿಗೆ ಅಂಟಿಸುವುದು ಅರ್ಧ ಕೆಲಸ. ಅನಂತರದ ಪುಟಗಳಲ್ಲಿ ದಿನಾಂಕ ಹಾಕಿ, ಯಾರು ಬಂದರು, ಏನನ್ನು ಬದಲಿಸಿದರು, ಏಕೆ ಎಂಬ ಮೂರು ಸಾಲು. ಹಿಂದೂಪುರದಿಂದಲೋ ಅನಂತಪುರದಿಂದಲೋ ಬರುವ ಮೆಕ್ಯಾನಿಕ್‌ಗೆ ಅನುಕೂಲವಾಗಲೆಂದು ಪೋರ್ಟುಗಳ ಸಾಲನ್ನು ತೆಲುಗಿನಲ್ಲೂ ಬರೆದಿಟ್ಟರೆ ಇನ್ನೂ ಒಳ್ಳೆಯದು. ಬರೆಯುವ ಕೆಲಸವನ್ನು ದೊಡ್ಡ ತರಗತಿಯ ಇಬ್ಬರು ಮಕ್ಕಳಿಗೆ, ಅದರಲ್ಲೂ ಅಕ್ಷರ ದುಂಡಗಿರುವವರಿಗೆ, ವಹಿಸಬಹುದು. ಹೊರಗಿನಿಂದ ಬಂದವನು ಏನು ಮಾಡಿದನೆಂದು ಹೇಳಿ ಸಹಿ ಹಾಕದ ಹೊರತು ಕೂಲಿಯಿಲ್ಲವೆಂಬ ನಿಯಮವನ್ನು ಮುಖ್ಯೋಪಾಧ್ಯಾಯರು ಜಾರಿಗೆ ತರಬೇಕು. ಆಗ ಗಿಡ್ಡ ತಂತಿ ಯಾರ ಚೀಲದಲ್ಲೂ ಮಾಯವಾಗದು.

ಶಾಲೆಗಳಲ್ಲಿ ಆಗಾಗ ಕಾಣುವ ಇನ್ನೊಂದು ಉಪದ್ರವವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಯಾರೋ ಮನೆಯಲ್ಲಿದ್ದ ಹಳೆಯ ವೈ-ಫೈ ರೂಟರನ್ನು ತಂದು ಸ್ವಿಚ್ಚಿನ ಖಾಲಿ ಪೋರ್ಟಿಗೆ ಚುಚ್ಚುತ್ತಾರೆ. ಅದೂ ಕೂಡ ಯಂತ್ರಗಳಿಗೆ ತನ್ನದೇ ಸಂಖ್ಯೆಗಳನ್ನು ಹಂಚತೊಡಗುತ್ತದೆ. ಒಂದೇ ಊರಿಗೆ ಇಬ್ಬರು ಕರಣಿಕರಾದಂತೆ. ಕೆಲವು ಯಂತ್ರ ನಡೆಯುತ್ತವೆ, ಕೆಲವು ಇಲ್ಲ, ನಾಳೆ ಅದು ಅದಲುಬದಲಾಗುತ್ತದೆ. ಇದಕ್ಕೆ ಮದ್ದು ಖಾಲಿ ಪೋರ್ಟುಗಳನ್ನು ಸೆಟ್ಟಿಂಗಿನಲ್ಲೇ ಮುಚ್ಚಿಡುವುದು. ಬೇಕಾದಾಗ ದಫ್ತರದಲ್ಲಿ ಬರೆದು ತೆರೆಯುವುದು.

ಕೊನೆಗೆ ಬಿಸಿಲು, ಸಿಡಿಲು. ಸಾಧಾರಣ ಸ್ವಿಚ್ಚುಗಳು ತಾಳುವ ಉಷ್ಣತೆ 40ರಿಂದ 50 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಮೇ ತಿಂಗಳಲ್ಲಿ ತಗಡಿನ ಛಾವಣಿಗೆ ಹತ್ತಿರದ ಹಲಗೆಯ ಮೇಲೆ, ಕಿಂಡಿಗಳು ಧೂಳಿನಿಂದ ಮುಚ್ಚಿಹೋಗಿರುವಾಗ, ಪೆಟ್ಟಿಗೆಯೊಳಗಿನ ಬಿಸಿ ಅದನ್ನು ಸುಲಭವಾಗಿ ಮೀರುತ್ತದೆ. ಮನುಷ್ಯನ ಎದೆಯೆತ್ತರಕ್ಕೆ ಇಳಿಸಿ, ಗೋಡೆಯಿಂದ ನಾಲ್ಕು ಬೆರಳು ದೂರವಿಟ್ಟು, ತಿಂಗಳಿಗೊಮ್ಮೆ ಒಣ ಕುಂಚದಿಂದ ಧೂಳು ತೆಗೆದರೆ ಅದರ ಆಯುಷ್ಯ ಹೆಚ್ಚುತ್ತದೆ. ತಾಮ್ರದ ತಂತಿಯ ಉದ್ದ 100 ಮೀಟರು ಮೀರಬಾರದು. ಮೀರದಿದ್ದರೂ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಿನಲ್ಲಿ ತಾಮ್ರವನ್ನು ಎಳೆಯಲೇಬಾರದು. ಸಿಡಿಲು ಹತ್ತಿರದಲ್ಲೆಲ್ಲೋ ಬಿದ್ದರೂ ಆ ತಂತಿಯಲ್ಲಿ ಹರಿದು ಎರಡೂ ಕಡೆಯ ಯಂತ್ರಗಳನ್ನು ಕೊಲ್ಲಬಲ್ಲದು. ಅಲ್ಲಿ ಗಾಜಿನೆಳೆಯ ಫೈಬರ್ ತಂತಿಯೇ ಆಗಬೇಕು. ಆಂಧ್ರಪ್ರದೇಶದ ಫೈಬರ್‌ನೆಟ್ ತನ್ನ ತಂತಿಗಳನ್ನು ವಿದ್ಯುತ್ ಕಂಬಗಳ ಮೇಲೆಯೇ ಎಳೆದು ಊರೂರಿಗೆ ತಂದದ್ದು ಸಾಧ್ಯವಾದದ್ದೂ ಗಾಜಿಗೆ ವಿದ್ಯುತ್ತಿನ ಸೋಂಕಿಲ್ಲದ ಕಾರಣದಿಂದ. ಭೂಮಿಗಿಳಿಸಿದ ಅರ್ಥಿಂಗು ಸರಿಯಾಗಿದೆಯೇ ಎಂದು ಬೇಸಿಗೆಯಲ್ಲೊಮ್ಮೆ ನೋಡಿಸಿ, ಗುಂಡಿಗೆ ನೀರು ಹಾಕಿಸುವುದು ಕರೆಂಟು ಕೆಲಸದವರಿಗೆ ಗೊತ್ತಿರುವ ಸಂಗತಿ. ಹೇಳಿ ಮಾಡಿಸಬೇಕು, ಅಷ್ಟೆ.

ಬೇಸಿಗೆ ರಜೆಗೆ ಶಾಲೆ ಮುಚ್ಚುವ ದಿನ ಪೆಟ್ಟಿಗೆಯ ವಿದ್ಯುತ್ ತಂತಿಯನ್ನೂ ಹೊರಗಿನಿಂದ ಬರುವ ಜಾಲದ ತಂತಿಯನ್ನೂ ಕಳಚಿ, ಒಂದು ಹಳೆಯ ಬಟ್ಟೆಯನ್ನು ಹೊದಿಸಿ ಹೋಗಬೇಕು. ತಂತಿಗಳಿಗೆ ಚೀಟಿ ಅಂಟಿದ್ದು, ಪೋರ್ಟುಗಳ ಸಾಲು ದಫ್ತರದಲ್ಲಿದ್ದರೆ ಜೂನ್ ತಿಂಗಳಲ್ಲಿ ಶಾಲೆ ತೆರೆದ ಬೆಳಗ್ಗೆ ಪ್ರಾರ್ಥನೆಯ ಗಂಟೆಯಾಗುವುದರೊಳಗೆ ಎಲ್ಲವನ್ನೂ ಮರಳಿ ಜೋಡಿಸಬಹುದು.